ಬಾಯಿ ಕಾಯುವವರು

ಅಪ್ಪನ ಗದ್ದದ ಕೆಳಗಿಂದ ಬಟ್ಟೆಯ ಪಟ್ಟಿ ತಂದು ನೆತ್ತಿಯ ಮೇಲೆ ಮಗಳು ಗಂಟು ಹಾಕಲು ಹೋದಳು. ಮೊದಲ ಗಂಟು ಜಾರಿತು. ಎರಡನೆಯದೂ ಸಡಿಲಾಗಿ ಅಪ್ಪನ ಬಾಯಿ ಮೆಲ್ಲಗೆ ಮತ್ತೆ ತೆರೆದುಕೊಂಡಿತು. ಅವಳು ಬೆಚ್ಚಿ ಹಿಂದೆ ಸರಿದಳು. ಸತ್ತವರು ಮಾತಾಡುವುದಿಲ್ಲ ಅನ್ನುವಷ್ಟು ಬುದ್ಧಿ ಅವಳಿಗೂ ಇತ್ತು. ಆದರೂ ಇಷ್ಟು ಜನರೆದುರು ಅಪ್ಪ ಮತ್ತೆ ಪ್ರಶ್ನೆ ಹೇಳತೊಡಗಿದರೆ ಎಂದು ಜೀವ ಬಾಯಿಗೆ ಬಂದಿತ್ತು.

"ಬಿಡೇ, ನಾನು ಕಟ್ತೀನಿ," ಎಂದು ಸೋದರತ್ತೆ ಪಟ್ಟಿ ಕಿತ್ತುಕೊಂಡಳು. "ಬದುಕಿದ್ದಾಗ ಇವನ ಬಾಯಿ ಬಿಡಿಸೋಕೆ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಈಗ ಮುಚ್ಚೋ ಮಾರಾಯ ಅಂದ್ರೆ ಮುಚ್ತಿಲ್ಲ."

ಅತ್ತೆ ಅಳುತ್ತಲೇ ನಕ್ಕಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು; ಹಂಚಿಕೊಳ್ಳಬೇಕಾಗಿದ್ದ ಮಾತನ್ನೆಲ್ಲ ತಂಗಿಯೊಬ್ಬಳೇ ಬಾಚಿಕೊಂಡಿದ್ದಳು. ಅಣ್ಣನ ಪಾಲಿಗೆ ಉಳಿದದ್ದು ಹೂಂ, ಉಹೂಂ ಅಷ್ಟೇ. ಅವರು ಕೆಲಸಕ್ಕಿದ್ದ ವಿಶ್ವವಿದ್ಯಾನಿಲಯದ ಮುದ್ರಣಾಲಯದಲ್ಲಿ ಹಿರಿಯರು ಅವರನ್ನು ಬೀಗ ಎಂದೂ ಕಿರಿಯರು ಬೀಗಣ್ಣ ಎಂದೂ ಕರೆಯುತ್ತಿದ್ದರು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವುದು ಅವರ ಕೆಲಸ. ಜೋಡಿಸುತ್ತಿದ್ದದ್ದು ಪ್ರಶ್ನೆಪತ್ರಿಕೆ.

ಆ ಪತ್ರಿಕೆಗಳಲ್ಲಿ ಒಂದು ಈಗ ಮಗಳ ತಲೆಯಲ್ಲಿತ್ತು. ನಾಳೆ ಬೆಳಿಗ್ಗೆ ಅದರ ಪರೀಕ್ಷೆ. ಬರೆಯುವವರಲ್ಲಿ ಅವಳೂ ಒಬ್ಬಳು. ಈ ಎರಡು ಸಂಗತಿಗಳಲ್ಲಿ ಒಂದೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಮುದ್ರಣಾಲಯದವರು ಒಂದು ಕಡೆ, ಪರೀಕ್ಷಾ ವಿಭಾಗದವರು ಇನ್ನೊಂದು ಕಡೆ, ಆಡಳಿತ ಕಚೇರಿಯವರು ಗೇಟಿನ ಹತ್ತಿರ. ಸಾವಿನ ಮನೆಗೂ ಅವರು ವಿಭಾಗವಾರು ಬಂದು ವಿಭಾಗವಾರು ಕೂತಿದ್ದರು. ನಡುವೆ ನಿವೃತ್ತ ಇತಿಹಾಸದ ಮೇಷ್ಟ್ರು. ವಿಶ್ವವಿದ್ಯಾನಿಲಯದ ಚರಿತ್ರೆ ಬರೆಯುತ್ತೇನೆಂದು ಬಹಳ ಕಾಲದಿಂದ ಹೇಳಿಕೊಂಡು ಬಂದವರು. ಬರೆಯುವುದಕ್ಕಿಂತ ಹೇಳುವುದರಲ್ಲೇ ಸುಖವಿದೆ ಎಂದು ಅವರಿಗೆ ಈಚೆಗೆ ಮನದಟ್ಟಾಗಿತ್ತು.

"ಅದು ಮೊದಲು ಆಸ್ಪತ್ರೆ ಕಣ್ರೀ," ಎನ್ನುತ್ತಿದ್ದರು ಮೇಷ್ಟ್ರು. "ಆಸ್ಪತ್ರೆ ಊರಾಚೆಗೆ ಹೋಯ್ತು, ಖಾಲಿ ಕಟ್ಟಡದಲ್ಲಿ ವಿಶ್ವವಿದ್ಯಾನಿಲಯ ಶುರುವಾಯ್ತು. ಗಂಡಸರ ವಾರ್ಡು ಕಲಾ ನಿಕಾಯ, ಹೆಂಗಸರ ವಾರ್ಡು ವಿಜ್ಞಾನ ನಿಕಾಯ. ಮೊದಲನೇ ಕುಲಪತಿಗಳು ಕೂತಿದ್ದು ಆಪರೇಷನ್ ಕೋಣೇಲಿ."

"ಆವತ್ತು ಶುರುವಾದ ಕೊಯ್ತ ಇನ್ನೂ ನಿಂತಿಲ್ಲ," ಎಂದು ಮುದ್ರಣಾಲಯದವನೊಬ್ಬ ಗೊಣಗಿದ. "ನಮಗೆ ಸಂಬಳ ಕೊಡೋ ಕುಲಸಚಿವರು ಒಬ್ಬರು, ಪರೀಕ್ಷೆಗೆ ಮುಂಚೆ ನಮ್ಮನ್ನ ಒಳಗಿಟ್ಟು ಬೀಗ ಹಾಕೋ ಕುಲಸಚಿವರು ಇನ್ನೊಬ್ಬರು. ಒಬ್ಬರ ಕಡತ ಇನ್ನೊಬ್ಬರು ಮುಟ್ಟಲ್ಲ. ಬೈಯೋದು ಮಾತ್ರ ಇಬ್ಬರೂ ಸೇರಿ."

ಮೇಷ್ಟ್ರು ಅವನನ್ನು ಕೈಸನ್ನೆಯಲ್ಲೇ ಸುಮ್ಮನಿರಿಸಿದರು. "ನೆಲಮಾಳಿಗೇಲಿ ಹೆಣದ ಕೋಣೆ ಇತ್ತು. ಕಿಟಕಿ ಇಲ್ಲ, ಒಂದೇ ಬಾಗಿಲು. ಒಂದು ವರ್ಷ ಪ್ರಶ್ನೆಪತ್ರಿಕೆ ಹೊರಗೆ ಬಂದುಬಿಡ್ತು. ಎಲ್ಲಾ ಕಾಲೇಜಲ್ಲೂ ಮರುಪರೀಕ್ಷೆ, ಕಲ್ಲು ತೂರಾಟ, ಕುಲಪತಿಗಳ ರಾಜೀನಾಮೆ. ಆಮೇಲೆ ಸಿಂಡಿಕೇಟು ಆ ಕೋಣೇನ ಗುಪ್ತಮುದ್ರಣಕ್ಕೆ ಬಿಟ್ಟುಕೊಡ್ತು. ಹೊಸ ಯಂತ್ರಕ್ಕೆ ಕೊಟ್ರೆ ಅದರ ಹೊಟ್ಟೇಲಿ ನಕಲು ಉಳಿಯತ್ತೆ. ಕೈಯಲ್ಲೇ ಮೊಳೆ ಜೋಡಿಸಿ, ಅಚ್ಚು ಹಾಕಿ, ಕಳಚಿ ಖಾನೆಗೆ ಹಾಕಿಬಿಟ್ರೆ ಗುರುತೇ ಇರಲ್ಲ. ಉಳಿಯೋದು ಜೋಡಿಸಿದವರ ತಲೇಲಿ ಮಾತ್ರ. ಆ ಕೋಣೆಯಿಂದ ಇಷ್ಟು ವರ್ಷದಲ್ಲಿ ಒಂದಕ್ಷರ ಹೊರಗೆ ಬಿದ್ದಿಲ್ಲ ಅಂದ್ರೆ ಅದು ಇವರಿಂದ," ಎಂದು ಒಳಮನೆಯತ್ತ ಕೈ ತೋರಿಸಿದರು.

ಕೂತವರೆಲ್ಲ ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತಲೆದೂಗಲಾಗಲಿಲ್ಲ. ಆಗಲೇ ಅವಳ ಕಣ್ಣಿಗೆ ಬಿದ್ದದ್ದು, ತಲೆದೂಗದ ಇನ್ನೊಬ್ಬರೂ ಅಲ್ಲಿದ್ದಾರೆ ಎಂದು. ಗೋಡೆ ಪಕ್ಕದ ಕುರ್ಚಿಯಲ್ಲಿ ಪ್ರೂಫ್ ಚಿಕ್ಕಪ್ಪ ನೆಲ ನೋಡುತ್ತ ಕೂತಿದ್ದರು. ಅವರು ರಕ್ತಸಂಬಂಧಿಯಲ್ಲ. ನೆಲಮಾಳಿಗೆಯಲ್ಲಿ ಅಪ್ಪ ಜೋಡಿಸಿದ್ದನ್ನು ತಿದ್ದುತ್ತಿದ್ದವರು, ಅಪ್ಪನಿಗಿದ್ದ ಒಬ್ಬನೇ ಸ್ನೇಹಿತ.

*

ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಅಪ್ಪ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಆ ಕೋಣೆಗೆ ಇಳಿಯುತ್ತಿದ್ದರು. ಅಚ್ಚು ಮುಗಿಯುವವರೆಗೆ ಊಟ, ನಿದ್ದೆ ಎಲ್ಲ ಅಲ್ಲೇ. ಬೀಗ ಹಾಕುವ ಮುನ್ನ ಪರೀಕ್ಷಾ ವಿಭಾಗದ ಕುಲಸಚಿವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳುತ್ತಿದ್ದರು: ಮನೆಯಲ್ಲಿ ಯಾರಾದರೂ ಪರೀಕ್ಷೆಗೆ ಕೂತಿದ್ದಾರೆಯೇ? ಇದ್ದಾರೆ ಎಂದವರು ಆ ವರ್ಷ ಒಳಗೆ ಹೋಗುವಂತಿಲ್ಲ.

ಮಗಳು ಕಾಲೇಜು ಸೇರಿದ ಮೇಲೆ ಅಪ್ಪ ಇದ್ದಾರೆ ಎಂದರು. ಅವರನ್ನು ಮೇಲಿನ ಹಾಲಿಗೆ ಹಾಕಿ ಕ್ಯಾಲೆಂಡರು, ಘಟಿಕೋತ್ಸವದ ಆಮಂತ್ರಣ, ರಜೆ ಅರ್ಜಿಯ ನಮೂನೆ ಜೋಡಿಸಲು ಕೊಟ್ಟರು. ಸಂಜೆಯಾದರೆ ಮನೆಗೆ ಬರುವ ಅಪ್ಪ ಸಿಕ್ಕಿದರಲ್ಲ ಎಂದು ಮಗಳು ಹಿಗ್ಗಿದ್ದಳು. ಆದರೆ ತರಗತಿಯಿಂದ ಆಚೆ ನಿಲ್ಲಿಸಿದ ಹುಡುಗನ ಹಾಗೆ ಅಪ್ಪ ಮೂಲೆ ಹಿಡಿದರು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಒಂದು ಸಂಜೆ ತಾವಾಗಿಯೇ ಅವಳ ಹತ್ತಿರ ಬಂದು, "ನೀನು ಪಾಸಾಗೋದು ಯಾವಾಗ?" ಎಂದು ಕೇಳಿದರು. ತನ್ನ ಓದಿನ ಮೇಲೆ ಅಪ್ಪನಿಗೆ ಆಸೆ ಹುಟ್ಟಿತು ಎಂದುಕೊಂಡಳು. ಅವರಿಗೆ ಬೇಕಾಗಿದ್ದದ್ದು ಮತ್ತೆ ಕೆಳಗಿಳಿಯುವ ದಿನ ಎಂಬುದು ತಿಳಿದಾಗ ಒಳಗೇ ಉರಿದುಹೋದಳು.

ಅಂತಿಮ ವರ್ಷದಲ್ಲಿ ಇತಿಹಾಸದ ಒಂದು ಪತ್ರಿಕೆಯಲ್ಲಿ ಫೇಲಾದಳು. ಓದು ಸಾಕು ಎಂದು ಮನೆಯಲ್ಲಿ ಹೇಳಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪನ ಮುಖಕ್ಕೆ ಕಳೆ ಬಂತು. ಮುಂದಿನ ಸಲ ಬೀಗ ಹಾಕುವ ದಿನ ಮದುವೆ ಮನೆಗೆ ಹೊರಟವರ ಹಾಗೆ ಚೀಲ ತುಂಬಿದರು.

ಎಷ್ಟೋ ವರ್ಷಗಳ ಮೇಲೆ, ಉಳಿದ ಪತ್ರಿಕೆಯನ್ನು ಬರೆಯಲು ಇದೇ ಕೊನೆಯ ಅವಕಾಶ, ಆಮೇಲೆ ನೋಂದಣಿಯೇ ರದ್ದು ಎಂದು ಗೊತ್ತಾದಾಗ ಮಗಳು ಗುಟ್ಟಾಗಿ ಹಣ ಕಟ್ಟಿ ಹೆಸರು ಕೊಟ್ಟಳು. ಅಪ್ಪನಿಗೂ ನಿವೃತ್ತಿಗೆ ಮುಂಚೆ ಉಳಿದಿದ್ದದ್ದು ಅದೊಂದೇ ಸುತ್ತು. ಹೇಳಿದರೆ ಅವರು ಮತ್ತೆ ಕ್ಯಾಲೆಂಡರಿಗೆ ಹೋಗಬೇಕು. ಅವರು ಕೆಳಗೆ ಜೋಡಿಸಲಿ, ನಾನು ಮೇಲೆ ಬರೆಯುತ್ತೇನೆ, ನಡುವೆ ಅಷ್ಟು ದಪ್ಪದ ನೆಲ ಇದೆಯಲ್ಲ ಎಂದುಕೊಂಡಳು. ಹೀಗಾಗಿ ಈ ಸಲ ಕುಲಸಚಿವರು ಕೇಳಿದಾಗ ಅಪ್ಪ ಯಾರೂ ಇಲ್ಲ ಎಂದು ಶುದ್ಧ ಮನಸ್ಸಿನಿಂದ ಹೇಳಿ ಒಳಗೆ ಹೋದರು. ಅಚ್ಚು ಮುಗಿಸಿ ಮನೆಗೆ ಬಂದವರು ಜ್ವರ ಹಿಡಿದು ಮಲಗಿಬಿಟ್ಟರು.

*

ಗುಂಡಿಗೆ ಹಿಡಿ ಮಣ್ಣು ಹಾಕಿ ಜನ ಚದುರುತ್ತಿದ್ದರು. ಪ್ರೂಫ್ ಚಿಕ್ಕಪ್ಪ ಮಗಳ ಪಕ್ಕಕ್ಕೆ ಬಂದು, ಯಾರೂ ಹತ್ತಿರವಿಲ್ಲ ಎಂಬುದನ್ನು ನೋಡಿಕೊಂಡು, ಕೈಯ ಮಣ್ಣನ್ನು ಸುಮ್ಮನೆ ಉಜ್ಜುತ್ತ ನಿಂತರು.

"ಮಗಾ, ಆವತ್ತು ಮಧ್ಯಾಹ್ನ ನಾನು ಮನೆಗೆ ಹೋಗಿದ್ನಲ್ಲ. ಆಗ ಇವರು ಏನಾದ್ರೂ ಅಂದ್ರಾ?"

"ಇಲ್ಲ ಚಿಕ್ಕಪ್ಪ."

"ತುಟಿ ಅಲ್ಲಾಡಿತಾ?"

"ಮಲಗಿದ್ರು."

ಚಿಕ್ಕಪ್ಪ ಉಸಿರು ಬಿಟ್ಟರು. ಬಿಟ್ಟ ಉಸಿರು ಪೂರ್ತಿ ನೆಮ್ಮದಿಯದಾಗಿರಲಿಲ್ಲ. "ಸಾಯಂಕಾಲ ಕುಲಸಚಿವರು ಬರ್ತಾರೆ. ಬಾಯಿ ಕಾದವನು ನಾನು, ನನ್ನನ್ನೇ ಕೇಳ್ತಾರೆ. ಏನು ಹೇಳ್ಲಿ ಅಂತ ನನಗೆ ನಿದ್ದೆ ಇಲ್ಲ."

ಬಾಯಿ ಕಾಯುವುದು ಎಂದರೆ ಆ ಕೋಣೆಯವರ ಪದ್ಧತಿ. ಅಚ್ಚು ಮುಗಿದು ಪರೀಕ್ಷೆ ಆಗುವ ಮುಂಚೆ ಅವರಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ, ಆಪರೇಷನ್ನಿಗೆ ಅರಿವಳಿಕೆ ತೆಗೆದುಕೊಂಡರೆ, ಅದೇ ಕೋಣೆಯ ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. ಎಚ್ಚರ ತಪ್ಪಿದವನ ನಾಲಿಗೆಯನ್ನು ಯಾರೂ ನಂಬುವಂತಿಲ್ಲ. ಅವನು ಬಡಬಡಿಸಲು ಶುರುಮಾಡಿದರೆ ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕಬೇಕು.

"ಎದ್ದು ಹೋಗಿದ್ದೆ ಅಂತ ನೀವು ಹೇಳಿದ್ರೆ ಏನು ಮಾಡ್ತಾರೆ?" ಎಂದು ಕೇಳಿದಳು ಮಗಳು.

"ಯಾವ ಪತ್ರಿಕೆ ಹೊರಗೆ ಬಿತ್ತೋ ಯಾರಿಗೆ ಗೊತ್ತು, ಎಲ್ಲಾ ಪರೀಕ್ಷೆ ನಿಲ್ಲಿಸ್ತಾರೆ. ಮೇಷ್ಟ್ರು ಹೇಳಿದ್ರಲ್ಲ, ಆ ವರ್ಷದ ಹಾಗೆ. ನನ್ನ ಕೆಲಸ ಹೋದ್ರೆ ಹೋಗ್ಲಿ ಬಿಡು. ಇವರನ್ನ ಏನಂತಾರೆ ಹೇಳು. ಮಣ್ಣು ಹಾಕಿ ಇನ್ನೂ ಕೈ ತೊಳೆದಿಲ್ಲ."

ಮಗಳು ಗುಂಡಿಯ ಕಡೆ ತಿರುಗಿದಳು. ಚಿಕ್ಕಪ್ಪನನ್ನು ಮನೆಗೆ ಕಳಿಸಿದವಳೇ ಅವಳು.

*

ಆ ಮಧ್ಯಾಹ್ನ ಅಮ್ಮ ಔಷಧಿ ತರಲು ಹೋಗಿದ್ದಳು. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಪ್ರೂಫ್ ಚಿಕ್ಕಪ್ಪ ಕುರ್ಚಿಯಲ್ಲೇ ತೂಕಡಿಸಿ ಎರಡು ಸಲ ಮುಗ್ಗರಿಸಿದ್ದರು. ಬಟ್ಟೆ ಬದಲಿಸಿ ಎಷ್ಟು ದಿನವಾಗಿತ್ತೋ. ನೋಡಲಾರದೆ ಮಗಳೇ, "ಹೋಗಿ ಸ್ನಾನ ಮಾಡಿ ಒಂದು ತುತ್ತು ಊಟ ಮಾಡ್ಕೊಂಡು ಬನ್ನಿ ಚಿಕ್ಕಪ್ಪ, ನಾನಿದ್ದೀನಿ" ಎಂದಳು. ಬೇರೆ ಯಾರ ಮನೆಯಲ್ಲಾದರೂ ಅವರು ಏಳುತ್ತಿರಲಿಲ್ಲ. ಬೀಗನ ಮಗಳು ಎಂದು ಎದ್ದರು.

ಅವರು ಗೇಟು ದಾಟಿದ ಮೇಲೆ ಅಪ್ಪ ಕಣ್ಣು ಬಿಟ್ಟರು. ಬಲಗೈ ಹೊದಿಕೆಯ ಮೇಲೆ ಓಡಾಡತೊಡಗಿತು, ಹೆಬ್ಬೆರಳು ತೋರುಬೆರಳಿನಿಂದ ಏನನ್ನೋ ಆರಿಸುವುದು, ಎಡಗೈಗೆ ಇಡುವುದು, ಮತ್ತೆ ಆರಿಸುವುದು. ಮೊಳೆ ಜೋಡಿಸುತ್ತಿದ್ದಾರೆ ಎಂದು ತಿಳಿಯಲು ಅವಳಿಗೆ ತಡವಾಗಲಿಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗಲೂ ಆ ಬೆರಳುಗಳು ಹೀಗೇ ಆಡುತ್ತಿದ್ದವು. ಆದರೆ ಆಗ ಬಾಯಿ ಮುಚ್ಚಿರುತ್ತಿತ್ತು.

"ಇತಿಹಾಸ," ಎಂದರು ಅಪ್ಪ. "ಅಂತಿಮ ವರ್ಷ. ಮೂರನೇ ಪತ್ರಿಕೆ. ಸಮಯ ಮೂರು ಗಂಟೆ, ಚುಕ್ಕಿ. ಒಂದು ಗೆರೆ ಬಿಡು. ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿರಿ, ಚುಕ್ಕಿ."

ಅದು ಮಗಳು ಬರೆಯಬೇಕಿದ್ದ ಪತ್ರಿಕೆ. ಅವಳು ಎದ್ದು ಹೊರಗೆ ಹೋಗಬೇಕಿತ್ತು. ಎದ್ದಳು ಕೂಡ. ಅಷ್ಟರಲ್ಲಿ ಅಪ್ಪ ಅವಳ ಮುಖ ನೋಡಿ, ಗುರುತು ಹಿಡಿದವರ ಹಾಗೆ, "ಬರ್ಕೊಳ್ಳಲ್ಲ ತಾನೇ? ಕೂತ್ಕೋ. ಒಂದು" ಎಂದರು.

ಅವಳು ಕೂತಳು. ಅಪ್ಪ ಒಂದು ಹೇಳಿದರು, ಎರಡು ಹೇಳಿದರು, ಕೊನೆಯವರೆಗೂ ಹೇಳಿದರು. ಕಾಮಾ ಇದ್ದಲ್ಲಿ ಕಾಮಾ ಎಂದರು, ಸಾಲು ತುಂಬಿದಲ್ಲಿ ಉಸಿರು ತೆಗೆದುಕೊಂಡರು. ಪ್ರಶ್ನೆಗಳು ಏನಿದ್ದವು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ; ಕತೆ ಹೇಳುವವರಿಗೂ ಒಂದು ಮಿತಿ ಇದೆ. ಅಪ್ಪನ ದನಿ ಇಷ್ಟು ಇಂಪಾಗಿದೆ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಕೊನೆಯ ಪ್ರಶ್ನೆ ಮುಗಿಸಿ ಅವರು ಕಣ್ಣು ಮುಚ್ಚಿದರು. ಅಮ್ಮ ಔಷಧಿ ಹಿಡಿದು ಬಂದಳು, ಚಿಕ್ಕಪ್ಪ ತಲೆ ಒದ್ದೆ ಮಾಡಿಕೊಂಡು ಓಡಿ ಬಂದರು. ಅಪ್ಪ ಮತ್ತೆ ಮಾತಾಡಲಿಲ್ಲ.

*

ಕುಲಸಚಿವರು ಬಂದಾಗ ಅಂಗಳದಲ್ಲಿ ಉಳಿದಿದ್ದವರೆಲ್ಲ ಎದ್ದು ನಿಂತರು. ಎತ್ತರದ, ಮೆಲುದನಿಯ ಮನುಷ್ಯ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು ಅಮ್ಮನಿಗೆ ಕೈಮುಗಿದು, ಹೇಳಬೇಕಾದ ಎರಡು ಮಾತು ಹೇಳಿ, ಪ್ರೂಫ್ ಚಿಕ್ಕಪ್ಪನ ಕಡೆ ತಿರುಗಿದರು.

"ನೀವು ಬಾಯಿ ಕಾದ್ರಿ. ನಡುವೆ ಎದ್ದು ಹೋಗಿದ್ರಾ?"

ಚಿಕ್ಕಪ್ಪ ಮಗಳ ಕಡೆ ನೋಡಲಿಲ್ಲ. "ಇಲ್ಲ ಸಾರ್. ಕದಲಲಿಲ್ಲ."

"ಸರಿ. ದೊಡ್ಡ ಜೀವ ಹೋಯ್ತು," ಎಂದು ಕುಲಸಚಿವರು ಹೊರಡಲು ತಿರುಗಿದರು.

ಮುಗಿಯಿತು. ಇನ್ನು ಅವಳನ್ನು ಕೇಳುವವರು ಯಾರೂ ಇಲ್ಲ. ಅಪ್ಪನ ಹೆಸರು ಹಾಗೇ ಉಳಿಯಿತು, ಚಿಕ್ಕಪ್ಪನ ಕೆಲಸ ಉಳಿಯಿತು, ನಾಳೆ ಹೋಗಿ ಕೂತರೆ ಪದವಿಯೂ ಕೈಸೇರಿತು. ಎದೆಯ ಮೇಲಿನ ಭಾರ ಇಳಿಯಬೇಕಾದ ಹೊತ್ತಿನಲ್ಲಿ ಅವಳ ಬೆನ್ನಲ್ಲಿ ಬೆವರು ಕಿತ್ತುಕೊಂಡಿತು. ಬರೆಯಲಾರೆ ಎಂಬ ಭಯವಲ್ಲ ಅದು, ತಾನು ಬರೆದೇ ಬಿಡುತ್ತೇನೆ ಎಂಬ ಭಯ. ಪತ್ರಿಕೆ ಕೈಗೆ ಬರುತ್ತದೆ, ಮೊದಲ ಸಾಲು ಕಣ್ಣಿಗೆ ಬೀಳುತ್ತದೆ, ಕಿವಿಯಲ್ಲಿ ಆ ದನಿ ಕೇಳುತ್ತದೆ, ಕೈ ಓಡುತ್ತದೆ. ಕದ್ದದ್ದು ಎಂದು ಅನ್ನಿಸುವುದೂ ಇಲ್ಲ. ಅಪ್ಪ ಕೂರಿಸಿಕೊಂಡು ಹೇಳಿಕೊಟ್ಟದ್ದು ಎಂದೇ ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸಿದ ಮೇಲೆ ಅಪ್ಪ ಎಲ್ಲಿ ಉಳಿದರು?

"ಸಾರ್," ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಅಪ್ಪನ ಕೋಣೆಗೆ ಒಂದು ನಿಮಿಷ ಬರ್ತೀರಾ?"

ಒಳಗೆ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು. ಕುಲಸಚಿವರು ನಿಂತೇ ಇದ್ದರು.

"ಅವರು ಮಾತಾಡಿದ್ರು ಸಾರ್. ಚಿಕ್ಕಪ್ಪನ್ನ ನಾನೇ ಬಲವಂತ ಮಾಡಿ ಕಳಿಸಿದ್ದೆ. ಕೇಳಿಸಿಕೊಂಡವಳು ನಾನೊಬ್ಬಳೇ."

ಕುಲಸಚಿವರು ಹಿಂತಿರುಗಿ ಬಾಗಿಲು ಹಾಕಿದರು.

"ನಾಳೆ ಆ ಪತ್ರಿಕೆಗೆ ನಾನು ಕೂತಿದ್ದೀನಿ. ಅಪ್ಪಂಗೆ ಗೊತ್ತಿರ್ಲಿಲ್ಲ. ಅವರು ಸುಳ್ಳು ಹೇಳಲಿಲ್ಲ ಸಾರ್, ನಾನೇ ಮುಚ್ಚಿಟ್ಟಿದ್ದೆ."

ಕುಲಸಚಿವರು ಮಂಚದ ಅಂಚಿಗೆ ಕೂತರು. ಅವರ ಹಣೆಯಲ್ಲೂ ಬೆವರು ಮೂಡಿದ್ದನ್ನು ಕಂಡು ಅವಳ ಭಯ ಇನ್ನಷ್ಟು ಹೆಚ್ಚಿತು. ಇಷ್ಟು ದೊಡ್ಡ ಸಂಸ್ಥೆ, ಅಷ್ಟು ನಿಕಾಯ, ಅಷ್ಟು ಕಾಲೇಜು, ಎಲ್ಲವೂ ಒಬ್ಬ ಮುದುಕನ ನಾಲಿಗೆಯ ಮೇಲೆ ನಿಂತಿತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

"ಎದ್ದು ಹೊರಗೆ ಹೋಗಬಹುದಿತ್ತಲ್ಲಮ್ಮ ನೀವು."

"ಹೋಗಬಹುದಿತ್ತು ಸಾರ್." ಅವಳ ಕಣ್ಣು ತುಂಬಿತು. "ಅಷ್ಟು ಹೊತ್ತು ಅವರು ನನ್ನ ಹತ್ರ ಯಾವತ್ತೂ ಮಾತಾಡಿರ್ಲಿಲ್ಲ."

ಕುಲಸಚಿವರು ಬಾಗಿಲ ಕಡೆ ಒಮ್ಮೆ ನೋಡಿದರು. "ಹಳೇ ವರ್ಷದ್ದೂ ಇರಬಹುದು. ಮೆಲ್ಲಗೆ ಹೇಳಿ."

ಅವಳು ಹೇಳಿದಳು. ಕಾಮಾ ಇದ್ದಲ್ಲಿ ಕಾಮಾ ಎಂದಳು, ಸಾಲು ತುಂಬಿದಲ್ಲಿ ಉಸಿರು ತೆಗೆದುಕೊಂಡಳು. ಎರಡನೇ ಪ್ರಶ್ನೆಗೇ ಅವರು ಈ ವರ್ಷದ್ದೇ, ಸಾಕು ಎಂದು ಕೈಯೆತ್ತಿದರು. ಅವಳಿಗೆ ನಿಲ್ಲಿಸಲಾಗಲಿಲ್ಲ. ಕೊನೆಯವರೆಗೂ ಹೇಳಿಯೇ ನಿಂತಳು.

"ಎರಡನೇ ಕಟ್ಟು ಇದೆ," ಎಂದರು ಕುಲಸಚಿವರು, ತಮಗೇ ಹೇಳಿಕೊಳ್ಳುವವರ ಹಾಗೆ. "ಪ್ರತಿ ಪತ್ರಿಕೆಗೂ ಇನ್ನೊಂದು ಮಾಡಿಸಿ ಮುದ್ರೆ ಹಾಕಿ ಇಟ್ಟಿರ್ತೀವಿ. ಇದೊಂದನ್ನ ಬದಲಾಯಿಸಿದ್ರೆ ಸಾಕು, ಕಾರಣ ಹೇಳಬೇಕಾಗಿಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ನೀವು ನಾಳೆ ಬರಬೇಡಿ. ನಿಮ್ಮ ನಂಬರು ತೆಗೀಬೇಕಾಗತ್ತೆ."

"ಇದು ನನ್ನ ಕೊನೇ ಸಲ ಸಾರ್."

"ಆ ನಿಯಮ ನಾನು ಮಾಡಿದ್ದಲ್ಲಮ್ಮ."

ಅವಳು ತಲೆಯಾಡಿಸಿದಳು.

"ಪ್ರೂಫಿನವರನ್ನ ನಾನು ಮತ್ತೆ ಕೇಳಲ್ಲ. ನಿಮ್ಮ ಅಪ್ಪನ ಹೆಸರು ಎಲ್ಲೂ ಬರಲ್ಲ. ಆದರೆ ಅವರು ಬಾಯಿ ಬಿಟ್ರು ಅನ್ನೋದು ಈ ಕೋಣೆ ದಾಟಬಾರದು. ನಾಳೆ ಅಂತಲ್ಲ, ಯಾವತ್ತೂ. ಪ್ರಶ್ನೆ ಮಾತ್ರ ಅಲ್ಲ, ಮಾತಾಡಿದ್ರು ಅನ್ನೋದೂ. ದಾಟಿತೋ, ಅವರು ಇಷ್ಟು ವರ್ಷ ಜೋಡಿಸಿದ ಪ್ರತಿ ಪತ್ರಿಕೆ ಮೇಲೂ ಜನ ಅನುಮಾನ ಪಡ್ತಾರೆ. ಮನೆಯವರ ಹತ್ರಾನೂ ಹೇಳಬಾರದು. ತಿಳೀತಾ?"

"ತಿಳೀತು ಸಾರ್."

ಬಾಗಿಲು ತೆಗೆದಾಗ ಹೊರಗೆ ಅತ್ತೆ ಯಾರಿಗೋ ಅಣ್ಣನ ಬಾಲ್ಯದ ಕತೆ ಹೇಳುತ್ತಿದ್ದಳು. ಕುಲಸಚಿವರು ಹೊರಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಬೂಟು ಹುಡುಕಿದರು. ಬೆಳಗಿನಿಂದ ಒಂದು ಮಾತೂ ಆಡದೆ ಗೋಡೆಗೆ ಒರಗಿ ಕೂತಿದ್ದ ಅಮ್ಮ, ಮಗಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾನು ಔಷಧಿ ತರೋಕೆ ಹೋಗಿದ್ನಲ್ಲೇ," ಎಂದಳು. "ಆಗ ಅವರಿಗೆ ಎಚ್ಚರ ಆಗಿತ್ತಾ?"

ಮಗಳು ಹೊರಬಾಗಿಲ ಕಡೆ ನೋಡಿದಳು.

"ನನ್ನ ವಿಷಯಾನೇ ಹೇಳಿರಬೇಕು ಅಂತಲ್ಲ," ಅಮ್ಮನ ದನಿ ತಗ್ಗಿತು. "ನೀರು ಬೇಕು ಅಂತನಾದ್ರೂ. ಸೆಖೆ ಅಂತನಾದ್ರೂ. ಇಷ್ಟು ವರ್ಷ ಜೊತೇಲಿದ್ದೆ, ಕೊನೇಗೆ ಏನೋ ಒಂದು ಅಂದ್ರು ಅಂತ ಇದ್ರೆ, ಅದನ್ನೇ ನೆನೆಸ್ಕೊಂಡು ಇರಬಹುದಲ್ಲ. ಏನಾದ್ರೂ ಅಂದ್ರಾ?"

"ಇಲ್ಲಮ್ಮ," ಎಂದಳು ಮಗಳು. "ಮಲಗೇ ಇದ್ರು."

ಅಮ್ಮ ಅವಳ ಮುಖವನ್ನೇ ನೋಡಿದಳು. ಮದುವೆಯಾದಂದಿನಿಂದ ಅಂಥ ಮುಖದ ಎದುರು ಕೂತು ಅಭ್ಯಾಸವಿದ್ದವಳು, ಮತ್ತೆ ಕೇಳಲಿಲ್ಲ. ಕೈ ಮಾತ್ರ ಬಿಡಲಿಲ್ಲ. ಆಚೆ ಮೆಟ್ಟಿಲ ಮೇಲೆ ಕುಲಸಚಿವರು ಒಂದೇ ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮಗಳ ಬಾಯನ್ನೇ ನೋಡುತ್ತ ನಿಂತಿದ್ದರು.